ಮೂಳೆ ಬೇಯಿಸಿ ಸೋಸಿದ ನೀರಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಕೋಳಿಯ ಮೂಳೆಯನ್ನು ಗಂಟೆಗಟ್ಟಲೆ ಬೇಯಿಸಿ, ಸೋಸಿ, ಮೂಳೆ ಎಸೆದು, ನೀರನ್ನು ಮಾತ್ರ ಇಟ್ಟುಕೊಳ್ಳುತ್ತೇವಲ್ಲ, ಆ ನೀರಿಗೆ ಕನ್ನಡದಲ್ಲಿ ಏನನ್ನಬೇಕು? ಇಂಗ್ಲಿಷಿನವರು ಸ್ಟಾಕ್ ಅನ್ನುತ್ತಾರೆ, ಬ್ರಾತ್ ಅಂತಲೂ ಅನ್ನುತ್ತಾರೆ. ಅದು ಬರೀ ನೀರಲ್ಲ, ಹಾಗಂತ ಅಡುಗೆಯೂ ಅಲ್ಲ.

ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ. ನವೆಂಬರಿನ ನಾಲ್ಕನೇ ಗುರುವಾರ ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಇಡೀ ಟರ್ಕಿ ಕೋಳಿಯನ್ನು ಓವನ್ನಿಗಿಡುವುದು ವಾಡಿಕೆ. ನಾವು ತಂದದ್ದು 13 ಪೌಂಡಿನದು, ಹೆಚ್ಚುಕಡಿಮೆ 6 ಕೆಜಿ. ಮನೆಯಲ್ಲಿ ನಾಲ್ಕು ಜನ, ಅದರಲ್ಲಿ ನಮ್ಮ ಯಜಮಾನರು ಮಾಂಸ ಮುಟ್ಟುವುದಿಲ್ಲ. ಎಷ್ಟು ಮಿಕ್ಕಿರಬಹುದು ಅಂತ ಲೆಕ್ಕ ನೀವೇ ಹಾಕಿ.

ಮಾರನೇ ದಿನ ಆ ಎದೆಗೂಡನ್ನು ಮುರಿದು ದೊಡ್ಡ ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರು, ಒಂದು ಈರುಳ್ಳಿ, ಎರಡು ಕ್ಯಾರೆಟ್, ಸೆಲರಿ ದಂಟು, ಹತ್ತು ಕಾಳುಮೆಣಸು ಹಾಕಿ ಒಲೆ ಮೇಲಿಟ್ಟೆ. ಮೂರು ಗಂಟೆ. ಸೋಸಿ, ಆರಿಸಿ, ರಾತ್ರಿ ಫ್ರಿಜ್ಜಿಗೆ. ಬೆಳಗ್ಗೆ ಮುಚ್ಚಳ ತೆಗೆದರೆ ಮೇಲೆ ಬೆಳ್ಳಗೆ ಜಿಡ್ಡು ಕೆನೆಗಟ್ಟಿತ್ತು. ಅದನ್ನು ಚಮಚದಲ್ಲಿ ಸರಿಸಿ ಪಾತ್ರೆ ಅಲ್ಲಾಡಿಸಿದೆ. ನೀರು ಅಲುಗಲಿಲ್ಲ, ನಡುಗಿತು! ಎಳನೀರಿನೊಳಗಿನ ಗಂಜಿ ಇರುತ್ತಲ್ಲ, ಹಾಗೆ. ಮೂಳೆ, ಕೀಲುಗಳಲ್ಲಿರುವ ಕೊಲಾಜೆನ್ ಬೆಂದು ಜೆಲಟಿನ್ ಆಗಿ ನೀರಿಗಿಳಿಯುತ್ತದೆ, ತಣ್ಣಗಾದಾಗ ಗಟ್ಟಿಯಾಗುತ್ತದೆ. ಒಲೆ ಮೇಲಿಟ್ಟರೆ ಮತ್ತೆ ನೀರು.

ಇದನ್ನೆಲ್ಲ ನಮ್ಮೂರ ಕನ್ನಡ ಕೂಟದ ಚಳಿಗಾಲದ ಸಂಚಿಕೆಗೆ ಬರೆದು ಅವ್ವನಿಗೆ ಓದಲು ಕೊಟ್ಟೆ. ಅವ್ವ ಮದ್ದೂರು ಕಡೆಯವಳು, ಈಗ ಆರು ತಿಂಗಳಿಗೆ ಬಂದಿದ್ದಾಳೆ. "ಎರಡು ಲೋಟ ಸ್ಟಾಕ್ ಹಾಕಿ" ಅನ್ನುವಲ್ಲಿ ನಿಂತುಬಿಟ್ಟಳು. "ಅಂಗಡೀಲಿ ಸ್ಟಾಕ್ ಇಲ್ಲ ಅಂತಾರಲ್ಲ, ಅದನ್ನ ಲೋಟದಲ್ಲಿ ಹೆಂಗವ್ವ ಹಾಕದು?"

ಸರಿ, ಕನ್ನಡದ್ದೇ ಹುಡುಕೋಣ ಅಂತ ಹೊರಟೆ.

ಮೊದಲು ಬಂದದ್ದು ಸಾರು. ಮೂಲದಲ್ಲಿ ಹಿಂಡಿ ಬಂದ ರಸಕ್ಕೇ ಆ ಹೆಸರು. ತಮಿಳಲ್ಲಿ ಈಗಲೂ ಹಾಗೇ ಇದೆ, ನಾವು ಕಬ್ಬಿನ ಹಾಲು ಅನ್ನುವುದನ್ನು ಅವರು ಕಬ್ಬಿನ ಸಾರು ಅನ್ನುವ ಪದದಿಂದಲೇ ಕರೆಯುತ್ತಾರೆ. ಆದರೆ ನಮ್ಮಲ್ಲಿ ಸಾರು ಅಂದರೆ ಉಪ್ಪು, ಹುಳಿ, ಖಾರ ಬಿದ್ದು ಒಗ್ಗರಣೆಯೂ ಆಗಿ, ಅನ್ನಕ್ಕೋ ಮುದ್ದೆಗೋ ತಯಾರಾಗಿ ನಿಂತದ್ದು. ಉಪ್ಪು ಕೂಡ ಹಾಕದ ಮೂಳೆ ನೀರನ್ನು ಸಾರು ಅಂತ ಬರೆದರೆ ಓದಿದವರು ಬಡಿಸಿಕೊಂಡೇ ಬಿಡುತ್ತಾರೆ.

ಸೂಪು? ಹಳೆಯ ಪದವೇ, ಅಂತ ಕೆಲವರು ವಾದಿಸುತ್ತಾರೆ. ಸೂಪಶಾಸ್ತ್ರ, ಸೂಪಕಾರ ಎಲ್ಲ ಇವೆಯಲ್ಲ! ಆದರೆ ಸಂಸ್ಕೃತದ ಸೂಪಕ್ಕೂ ಇಂಗ್ಲಿಷಿನ ಸೂಪಿಗೂ ಸದ್ದು ಹೊಂದಿದರೂ ನೆಂಟಸ್ತನ ಇದೆಯೋ ಇಲ್ಲವೋ ಖಚಿತವಿಲ್ಲ. ಇಂಗ್ಲಿಷಿನದು ಫ್ರೆಂಚಿನಿಂದ ಬಂದದ್ದು, ಅದರ ಹಿಂದೆ ಇರುವುದು ರಸದಲ್ಲಿ ನೆನೆಸಿದ ಬ್ರೆಡ್ಡು. ಅದೇನೇ ಇರಲಿ, ಸಂಜೆ ಹೊತ್ತು ಗಾಡಿಯಲ್ಲಿ ಕಾಲು ಸೂಪು ಮಾರುತ್ತಾರಲ್ಲ, ಅಲ್ಲಿಂದ ಸೂಪು ಈಗ ಕನ್ನಡದ್ದೇ ಆಗಿದೆ. ಆದರೆ ಅದೂ ಕುಡಿಯಲು ತಯಾರಾದದ್ದು. ನನಗೆ ಬೇಕಿರುವುದು ಅದರ ಹಿಂದಿನ ಮೆಟ್ಟಿಲು.

ಇಲ್ಲಿ ನಮ್ಮ ಯಜಮಾನರು ಬಾಯಿ ಹಾಕಿದರು. ಅವರು ಧಾರವಾಡದವರು. ಮಾಂಸ ಮುಟ್ಟದಿದ್ದರೂ ಮಾಂಸದ ಮಾತಿಗೆ ಅಡ್ಡಿಯಿಲ್ಲ. "ಅದಕ್ಕ ಕಟ್ಟು ಅಂತಾರಲ್ಲ?" ಅಂದರು. ಹೌದಲ್ವಾ! ಹೋಳಿಗೆಗೆ ಬೇಳೆ ಬೇಯಿಸಿ ಬಸಿದಾಗ ಬರುವ ನೀರು ಕಟ್ಟು. ಅದರಿಂದ ಮಾಡುವುದು ಅವರ ಕಡೆಯ ಕಟ್ಟಿನ ಸಾರು, ನಮ್ಮ ಕಡೆಯ ಒಬ್ಬಟ್ಟಿನ ಸಾರು. ಯೋಚಿಸಿದಷ್ಟೂ ಹೋಲಿಕೆ ಇಷ್ಟವಾಯಿತು. ಎರಡೂ ಹಬ್ಬದ ದೊಡ್ಡ ಅಡುಗೆಯಿಂದ ಹುಟ್ಟಿದ್ದು. ಎರಡರಲ್ಲೂ ಮುಖ್ಯ ಅತಿಥಿ ಬೇರೆ, ಇದು ಮಿಕ್ಕ ನೀರು. ಒಬ್ಬಟ್ಟಿನ ಸಾರು ಮಾರನೇ ದಿನ ಕುದಿಸಿದಾಗಲೇ ಜಾಸ್ತಿ ರುಚಿ ಅಂತ ನಮ್ಮನೆಯಲ್ಲಿ ಒಬ್ಬಟ್ಟಿಗಿಂತ ಸಾರಿಗೇ ಕಾಯುವವರಿದ್ದರು. ನಾನೂ ಅವರಲ್ಲೊಬ್ಬಳು.

ಹಾಗಾದರೆ ಮೂಳೆ ಕಟ್ಟು, ಅಥವಾ ಎಲುಬಿನ ಕಟ್ಟು ಅನ್ನೋಣ ಅಂದುಕೊಂಡೆ. ಗಟ್ಟಿಯಾಗಿ ಹೇಳಿ ನೋಡಿ. ಪುತ್ತೂರು ಕಟ್ಟು ನೆನಪಾಗಲಿಲ್ಲವೇ? ಕೈ ಮುರಿದವರು ಬಂದು ಸಾಲಾಗಿ ಕೂರುತ್ತಾರೆ! ಅಲ್ಲದೆ ಮೂಳೆ ನೀರನ್ನು ನಾವು ಬಸಿಯುವುದಿಲ್ಲ, ಸೋಸುತ್ತೇವೆ. ಬಸಿಯುವುದು ಪಾತ್ರೆ ಓರೆ ಮಾಡಿ ನೀರನ್ನು ಇಳಿಸುವುದು, ಒಳಗಿನದ್ದು ನಮಗೆ ಬೇಕು. ಅನ್ನ, ಬೇಳೆ, ಬಸ್ಸಾರಿನ ಕಾಳು ಸೊಪ್ಪು ಎಲ್ಲ ಹಾಗೆ. ಸೋಸಿದಾಗ ಜರಡಿಯಲ್ಲಿ ಉಳಿದದ್ದು ಕಸ. ಇಷ್ಟು ಅಚ್ಚುಕಟ್ಟಾದ ವ್ಯತ್ಯಾಸ ನಮ್ಮ ಭಾಷೆಯಲ್ಲಿದೆ ಅಂತ ನನಗೂ ಈ ಪಾತ್ರೆಯ ಮುಂದೆ ನಿಂತಾಗಲೇ ಹೊಳೆದದ್ದು.

ಕಡೆಗೆ ಪದ ಕೊಟ್ಟವಳು ಅವ್ವ. ಒಂದು ಚಮಚ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ, "ಎಸ್ರು ಚೆನ್ನಾಗದೆ ಕಣವ್ವ, ಉಪ್ಪೇ ಹಾಕಿಲ್ವಲ್ಲ" ಅಂದಳು.

ಎಸರು. ಬೆಂಗಳೂರಲ್ಲಿ ನಾನು ಕಲಿತ ಕನ್ನಡದಲ್ಲಿ ಎಸರು ಅಂದರೆ ಅಕ್ಕಿಗೋ ಮುದ್ದೆಗೋ ಕುದಿಯಲು ಇಡುವ ನೀರು. "ಎಸರಿಟ್ಟಿದೀಯಾ?" ಅಂದರೆ ಬರೀ ನೀರು, ಇನ್ನೇನೂ ಇಲ್ಲ. ತೆಲುಗಿನ ಎಸರೂ ಅದೇ. ಆದರೆ ಅವ್ವನ ಊರಲ್ಲಿ ಎಸ್ರು ಅಂದರೆ ಸಾರೇ. ಹಿಟ್ಟು ಎಸ್ರು ಅಂದರೆ ಮುದ್ದೆ, ಸಾರು. ಬಾಡಿನ ಎಸ್ರು, ಕಾಳಿನ ಎಸ್ರು ಎಲ್ಲ ಉಂಟು. ಒಂದೇ ಪದ, ಒಂದು ಕಡೆ ಅಡುಗೆಗೆ ಮುಂಚಿನ ನೀರು, ಇನ್ನೊಂದು ಕಡೆ ಅಡುಗೆ ಮುಗಿದ ಮೇಲಿನದ್ದು. ನನ್ನ ಪಾತ್ರೆಯಲ್ಲಿದ್ದದ್ದು ಈ ಎರಡರ ನಡುವಿನದು. ಒಂದು ಬೆಂದಾಗಿದೆ, ಇನ್ನೊಂದು ಬೇಯಬೇಕಿದೆ. ಮೂಳೆ ಎಸರು ಅಂದರೆ ಎರಡು ಅರ್ಥವೂ ಕೂಡಿ ಸರಿಯಾಗಿ ಕೂರುತ್ತದೆ ಅಂತ ನನಗನ್ನಿಸುತ್ತದೆ. ಕೋಳಿ ಎಸರು, ತರಕಾರಿ ಎಸರು ಅಂತಲೂ ಮುಂದುವರಿಸಬಹುದು.

ಟರ್ಕಿಯ ಹೆಸರನ್ನು ಮಾತ್ರ ನಾನು ಕೆದಕಲಿಲ್ಲ, ಸುಮ್ನೆ ಟರ್ಕಿ ಕೋಳಿ ಅಂತ ಬಿಟ್ಟೆ. ಮೆಕ್ಸಿಕೋ ಕಡೆ ಜನ ಪಳಗಿಸಿದ ಪಾಪದ ಹಕ್ಕಿ, ಪ್ರತಿಯೊಬ್ಬರೂ ಅದನ್ನು ಬೇರೆ ಊರಿನದು ಅಂತಾರೆ. ಇಂಗ್ಲಿಷರಿಗೆ ಅದು ಟರ್ಕಿ, ತುರ್ಕರಿಗೆ ಹಿಂದಿ, ಅಂದರೆ ಭಾರತದ್ದು. ಡಚ್ಚರ ಕಾಲ್ಕೂನ್ ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರಿಂದ ಬಂದದ್ದು. ಪೋರ್ಚುಗೀಸರು ಪೆರು ಅಂದರು. ನಮ್ಮ ದೇಶಕ್ಕೂ ಅದು ಅವರ ಗೋವೆಯ ಮೂಲಕವೇ ಬಂತು. 1612ರಲ್ಲಿ ಗೋವೆಯಿಂದ ತಂದ ಒಂದನ್ನು ನೋಡಿ ಜಹಾಂಗೀರ್ ಬೆರಗಾಗಿ, ತಲೆ ಊಸರವಳ್ಳಿಯ ಥರ ಬಣ್ಣ ಬದಲಿಸುತ್ತದೆ ಅಂತ ಬರೆದ. ಉಸ್ತಾದ್ ಮನ್ಸೂರ್ ಅದರ ಚಿತ್ರ ಬರೆದ. ಅವ್ವ ಇಷ್ಟೆಲ್ಲ ಕೇಳಿ "ದೊಡ್ಡಕೋಳಿ ಅನ್ನು ಸಾಕು" ಅಂದಳು.

ಎಸರಿನಿಂದ ಮಾಡಿದ್ದು ಈ ಊರಿನವರ ವೈಲ್ಡ್ ರೈಸ್ ಸೂಪು. ಅಕ್ಕಿ ಅಂತ ಹೆಸರು, ಆದರೆ ನಮ್ಮ ಭತ್ತದ ಜಾತಿಯೇ ಅಲ್ಲ. ಕೆರೆಗಳಲ್ಲಿ ತಾನೇ ಬೆಳೆಯುವ ಹುಲ್ಲಿನ ಕಾಳು. ಇಲ್ಲಿನ ಓಜಿಬ್ವೆ ಜನ ಇದನ್ನು ಮನೂಮಿನ್ ಅನ್ನುತ್ತಾರೆ, ದೋಣಿಯಲ್ಲಿ ಹೋಗಿ ಕೋಲಿನಿಂದ ಬಡಿದು ಕಾಳು ಉದುರಿಸಿಕೊಳ್ಳುತ್ತಾರೆ. ಕಪ್ಪಗೆ ಉದ್ದಕ್ಕೆ ಇರುತ್ತದೆ. "ಇಲಿ ಹಿಕ್ಕೆ ಥರ ಅದೆ" ಅಂದ ಅವ್ವ, ಮುಕ್ಕಾಲು ಗಂಟೆ ಬೆಂದು ಕಾಳು ಬಾಯಿಬಿಟ್ಟ ಮೇಲೆ ಎರಡು ಬಟ್ಟಲು ಕುಡಿದಳು. ಕೆನೆ ಹಾಕಲು ಬಿಡಲಿಲ್ಲ. ಬೆಳ್ಳುಳ್ಳಿ ಮೆಣಸು ಜಜ್ಜಿ ಹಾಕಿಸಿದಳು. ಹೊರಗೆ ಹಿಮ ಬೀಳುತ್ತಿತ್ತು. ಹೊಗೆಯಾಡುವ ಬಟ್ಟಲು ಕೆಳಗಿಟ್ಟು "ಹೊಟ್ಟೆ ತಣ್ಣಗಾಯ್ತು" ಅಂದಳು. ಇಲ್ಲಿನವರಿಗೆ ನೆಮ್ಮದಿ ಅಂದರೆ ಬೆಚ್ಚಗಿರುವುದು. ಬಿಸಿ ಸೂಪು ಕುಡಿದು ತಣ್ಣಗಾಗುವವರು ನಾವೇ ಇರಬೇಕು.

ಈಗ ನನ್ನ ಪ್ರಶ್ನೆಗಳು. ನಿಮ್ಮ ಊರಲ್ಲಿ ಎಸರು ಅಂದರೆ ಬರೀ ನೀರೋ, ಸಾರೋ? ಕರಾವಳಿ, ಬೀದರ್, ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ. ಬಾಣಂತಿಗೆ, ಜ್ವರ ಬಂದವರಿಗೆ ಕೋಳಿ ಬೇಯಿಸಿ ನೀರು ಮಾತ್ರ ಕೊಡುತ್ತಾರಲ್ಲ, ಅದಕ್ಕೆ ನಿಮ್ಮಲ್ಲಿ ಬೇರೆ ಹೆಸರಿದೆಯೇ? ಇನ್ನೊಂದು, ಕೊತಕೊತ ಕುದಿಯುವುದಕ್ಕೆ ನಮ್ಮಲ್ಲಿ ಪದ ಇದೆ. ಸಣ್ಣ ಉರಿಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತ ಬೇಯುವುದಕ್ಕೆ ಯಾರಾದರೂ ಒಂದೇ ಪದ ಬಳಸುತ್ತೀರಾ? ನಾನು ಅದಕ್ಕೆ ಒಂದಿಡೀ ಸಾಲು ಬರೆಯಬೇಕಾಯಿತು.

ಮಿಕ್ಕ ಎಸರನ್ನು ನಾಲ್ಕು ಡಬ್ಬಿಗೆ ತುಂಬಿ ಫ್ರೀಜರಿಗೆ ಹಾಕಿದ್ದೇನೆ. ಮೇಲೆ ಚೀಟಿ ಅಂಟಿಸಿದ್ದೇನೆ. ಸದ್ಯಕ್ಕೆ ಅದರಲ್ಲಿ ತಾರೀಕು ಮಾತ್ರ ಇದೆ.