ಬಾಲ್ ಪೈಥಾನ್ ನಮ್ಮ ಕಲಬುರಗಿಯ ಬಿಸಿಲಿಗೆ ತಡೆದೀತೇ?

ಪ್ರಶ್ನೆ (ಕಲಬುರಗಿ):
ಮಾನ್ಯರೇ, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಬಾಲ್ ಪೈಥಾನ್ ಎಂಬ ಹಾವೊಂದನ್ನು ಸಾಕಿದ್ದು, ಏಪ್ರಿಲ್ ರಜೆಗೆ ಬರುವಾಗ ಅದನ್ನೂ ತರುವುದಾಗಿ ಹೇಳುತ್ತಿದ್ದಾನೆ. ಹೆಬ್ಬಾವು ಎಂದರೆ ಕುರಿಮರಿ ನುಂಗುವ ಪ್ರಾಣಿ ಎಂದಷ್ಟೇ ತಿಳಿದಿರುವ ನಮ್ಮ ತಾಯಿಯವರಿಗೆ ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಇದು ಎಷ್ಟು ದೊಡ್ಡದಾಗುತ್ತದೆ, ವಿಷವಿದೆಯೇ, ಇಲ್ಲಿನ ಬಿಸಿಲಿಗೆ ಬದುಕೀತೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ (ಬೀದರ್):
ಮೊದಲು ತಾಯಿಯವರಿಗೆ ಧೈರ್ಯ ಹೇಳಿ ಸರ್. ಇದಕ್ಕೆ ವಿಷವಿಲ್ಲ, ಪೂರ್ತಿ ಬೆಳೆದರೂ ಸಾಮಾನ್ಯವಾಗಿ ಮೂರರಿಂದ ಐದು ಅಡಿ, ಅದರಲ್ಲೂ ಹೆಣ್ಣೇ ದೊಡ್ಡದು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಿಂದ ಉಗಾಂಡದವರೆಗಿನ ಹುಲ್ಲುಗಾವಲು ಇದರ ತವರು. ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಅಡಗಿದ್ದು, ರಾತ್ರಿ ಹೊರಬಂದು, ತುಟಿಯಂಚಿನ ಕುಳಿಗಳಿಂದ ಇಲಿಯ ಮೈಶಾಖವನ್ನು ಕತ್ತಲಲ್ಲೇ ಗುರುತಿಸಿ ಹಿಡಿಯುತ್ತದೆ. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದಲೇ ಆ ಹೆಸರು. ಗೆಳೆಯರೊಬ್ಬರ ಮನೆಯಲ್ಲಿ ಬಾಗಿಲು ಧಡಕ್ಕನೆ ಬಡಿದುಕೊಂಡಾಗ ಅವರ ಹಾವು ತಲೆಯನ್ನು ನಡುವೆ ಹುದುಗಿಸಿ ಉಂಡೆಯಾದದ್ದನ್ನು ಕಂಡಿದ್ದೇನೆ. ಕಾಲು ಗಂಟೆಯ ಮೇಲೆ ಸುರುಳಿಗಳ ಸಂದಿನಿಂದ ಮೂತಿಯ ತುದಿ ಮಾತ್ರ ಇಣುಕಿತು.

ಉತ್ತರ (ಯಾದಗಿರಿ):
ಆಫ್ರಿಕಾದ ಹಾವಿಗೆ ಬಿಸಿಲು ಹೊಸದೇ ಎಂದು ಕೆಲವರು ವಾದಿಸುತ್ತಾರೆ, ಆದರೆ ಮೇಲೆ ಹೇಳಿದಂತೆ ಅದು ಅಲ್ಲಿ ಇರುವುದು ಬಿಸಿಲಿನಲ್ಲಲ್ಲ, ಹುತ್ತದ ತಂಪಿನಲ್ಲಿ. ಸಾಕುವ ಪೆಟ್ಟಿಗೆಯ ಒಂದು ತುದಿ ಸುಮಾರು 32 ಡಿಗ್ರಿ, ಇನ್ನೊಂದು 26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಬೇರೆಡೆ ಇದಕ್ಕಾಗಿ ಶಾಖ ಕೊಡಬೇಕಾದರೆ, ಏಪ್ರಿಲ್‌ನಲ್ಲಿ 40 ದಾಟುವ ನಮ್ಮಲ್ಲಿ ತಂಪು ಮಾಡುವುದೇ ದೊಡ್ಡ ಕೆಲಸ, ಅದೂ ಕರೆಂಟು ಹೋದ ಮಧ್ಯಾಹ್ನಗಳಲ್ಲಿ. ಒಣಹವೆಯೂ ತೊಂದರೆಯೇ; ಕಾಲುಚೀಲದಂತೆ ಇಡಿಯಾಗಿ ಕಳಚಬೇಕಾದ ಪೊರೆ ಚೂರುಚೂರಾಗಿ ಮೈಗೇ ಅಂಟಿಕೊಳ್ಳುತ್ತದೆ. ಪ್ರಯಾಣದಿಂದ ಬೆದರಿದ ಹಾವು ವಾರಗಟ್ಟಲೆ ಆಹಾರ ಮುಟ್ಟದಿರಬಹುದು. ಹತ್ತು ದಿನದ ರಜೆಗಾಗಿ ತರುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ನಿಯಮಗಳಂತೆ ಇಂತಹ ವಿದೇಶಿ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ನಮ್ಮ ನೆಲದ ಹೆಬ್ಬಾವನ್ನಂತೂ ಮನೆಯಲ್ಲಿ ಸಾಕುವಂತೆಯೇ ಇಲ್ಲ.

ಉತ್ತರ (ಬೀದರ್):
ಹುಡುಗನಿಗೆ ಇದನ್ನೂ ಹೇಳಿ: ತೊಗರಿ ಹೊಲದ ಬದುವಿನಲ್ಲಿ ಹೆಬ್ಬಾವಿನ ಮರಿಯಂತೆ ಕಾಣುವ, ದಪ್ಪ ಮೈಯ, ಕಂದು ಮಚ್ಚೆಯ ಹಾವು ಕೊಳಕುಮಂಡಲವಾಗಿರಬಹುದು. ಸಾಕಿದ ಸಲುಗೆಯಲ್ಲಿ ಅದಕ್ಕೆ ಕೈ ಹಾಕಿದರೆ ಜೀವಕ್ಕೇ ಅಪಾಯ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನೋಂದಣಿಯ ಬಗ್ಗೆ ಕೇಳಿದಾಗಿನಿಂದ ಅಕ್ಕನ ಮಗ ಉತ್ತರಿಸಿಲ್ಲ. ಹುಡುಗ ಬರಲಿ, ಹಾವು ಅಲ್ಲಿಯೇ ಇರಲಿ ಎಂದು ತಾಯಿಯವರು ಹೇಳಿ ಕಳಿಸಿದ್ದಾರೆ.