ಸಹಾಯ ಬೇಕು: ಹಾರ್ಡ್‌ಟೇಲ್‌ಗೆ 100 ಎಂಎಂ ಫೋರ್ಕ್ ಸಾಕಾ, 120 ಹಾಕಿಸಲಾ?

ಎಲ್ಲರಿಗೂ ನಮಸ್ಕಾರ. ನನ್ನದು 29 ಇಂಚಿನ ಚಕ್ರದ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಸೈಕಲ್. ಜೊತೆಗೆ ಬಂದದ್ದು 100 ಎಂಎಂ ಟ್ರಾವೆಲ್‌ನ (ಅಷ್ಟು ಕುಸಿಯುವ) ಕಾಯಿಲ್ ಫೋರ್ಕ್, ಅಂದರೆ ಸ್ಪ್ರಿಂಗ್ ಇರುವ ಮುಂದಿನ ಸಸ್ಪೆನ್ಷನ್. ನಾಲ್ಕು ವರ್ಷ ಓಡಿಸಿದ್ದೇನೆ, ಈಗ ಸೀಲ್ ಹತ್ತಿರ ಎಣ್ಣೆ ಸೋರುತ್ತಿದೆ. ಹೇಗೂ ಬದಲಾಯಿಸಬೇಕು, ಸ್ಪ್ರಿಂಗ್ ಬದಲು ಗಾಳಿಯ ಒತ್ತಡದ ಏರ್ ಫೋರ್ಕ್ ತೆಗೆದುಕೊಳ್ಳೋಣ ಅಂತಿದ್ದೇನೆ.

ನಾನು ಓಡಿಸುವುದು ಸಕಲೇಶಪುರದ ಕಡೆ, ಕಾಫಿ ತೋಟದ ಜೀಪ್ ದಾರಿಗಳಲ್ಲಿ. ಹತ್ತುವುದೇ ಜಾಸ್ತಿ. ಇಳಿಯುವಾಗ ಮಾತ್ರ ಬಿಡಿ ಕಲ್ಲು, ಮರದ ಬೇರು, ಮಳೆ ನೀರು ಕೊರೆದ ಚರಂಡಿ. ಅಲ್ಲಿ ಫೋರ್ಕ್ ಪೂರ್ತಿ ಕುಸಿದು ತಳಕ್ಕೆ ಬಡಿಯುತ್ತದೆ, ಕೈ ಜುಮ್ ಅನ್ನುತ್ತದೆ. ನನ್ನ ತೂಕ 78 ಕೆಜಿ.

120 ಹಾಕಿದರೆ ಮುಂಭಾಗ ಎತ್ತರವಾಗಿ ಹೆಡ್ ಆಂಗಲ್ (ಹೆಡ್ ಟ್ಯೂಬ್ ನೆಲದೊಂದಿಗೆ ಮಾಡುವ ಕೋನ) ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ ಅಲ್ವಾ? ಇಳಿಜಾರಿನಲ್ಲಿ ಅದು ಒಳ್ಳೆಯದೇ. ಆದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಆಚೀಚೆ ಅಲೆಯುತ್ತದಾ? ಹೆಡ್ ಟ್ಯೂಬ್ (ಫ್ರೇಮ್‌ನಲ್ಲಿ ಫೋರ್ಕ್ ಕೂರುವ ಕೊಳವೆ) ಮೇಲೆ ಬೀಳುವ ಒತ್ತಡದ ಬಗ್ಗೆಯೂ ಭಯವಿದೆ, ಫ್ರೇಮ್ ಮಾಡಿದವರು ಎಷ್ಟರವರೆಗೆ ಹಾಕಬಹುದು ಅಂತ ಎಲ್ಲೂ ಬರೆದಿಲ್ಲ.

ಇನ್ನೊಂದು ತೊಡಕು. ನನ್ನ ಮುಂದಿನ ಚಕ್ರದ ಹಬ್ (ನಡುಭಾಗ) 9 ಎಂಎಂ ಕ್ವಿಕ್ ರಿಲೀಸ್, ಅಂದರೆ ಲಿವರ್‌ನಿಂದ ಬಿಗಿಯುವ ತೆಳು ಅಚ್ಚಿನದು. ಒಳ್ಳೆಯ ಏರ್ ಫೋರ್ಕ್‌ಗಳೆಲ್ಲ 15 ಎಂಎಂ ಥ್ರೂ ಆಕ್ಸಲ್ (ಹಬ್ ಮೂಲಕ ಹಾಯುವ ದಪ್ಪ ಅಚ್ಚು). ಚಕ್ರವನ್ನೂ ಬದಲಾಯಿಸಬೇಕಾಗುತ್ತದಾ?

120ರದ್ದು ತಂದು, ಹಿಡಿಸದಿದ್ದರೆ ಏರ್ ಶಾಫ್ಟ್ (ಟ್ರಾವೆಲ್ ನಿರ್ಧರಿಸುವ ಒಳಗಿನ ದಂಡ) ಬದಲಿಸಿ 100ಕ್ಕೆ ಇಳಿಸಿದವರು ಯಾರಾದರೂ ಇದ್ದೀರಾ? ಮಲೆನಾಡಿನಲ್ಲಿ ಓಡಿಸುವವರು ದಯವಿಟ್ಟು ನಿಮ್ಮ ಟ್ರಾವೆಲ್, ಸ್ಯಾಗ್ (ಕೂತಾಗ ತೂಕಕ್ಕೆ ಕುಸಿಯುವಷ್ಟು) ಎಷ್ಟು ಅಂತ ಹೇಳಿ.