ವರ್ಷದ ಕೊನೆಯ ಶಿಬಿರ: ದಂಡೆಯ ಮೇಲೆ ಬೆಂಕಿ ಹಾಕಬಹುದೇ?

ಅಘನಾಶಿನಿ_ಕುಮಟಾ:
ಹೈಸ್ಕೂಲ್ ದಳ, 24 ಸ್ಕೌಟುಗಳು, ಮೂರು ಪೆಟ್ರೋಲ್ (ದಳದೊಳಗಿನ ಸಣ್ಣ ತಂಡ). ಮಾರ್ಚ್‌ನಲ್ಲಿ ಒಂದು ರಾತ್ರಿಯ ಶಿಬಿರ ಇಟ್ಟುಕೊಂಡು ವರ್ಷ ಮುಗಿಸೋಣ ಅಂತಿದೆ. ಮಧ್ಯಾಹ್ನ ಬಿದಿರಿನ ದ್ವಾರ ಕಟ್ಟುವ ಸ್ಪರ್ಧೆ, ಸಂಜೆ ಸಮುದ್ರದ ದಂಡೆಯಲ್ಲಿ ಶಿಬಿರಾಗ್ನಿ, ಬೆಳಿಗ್ಗೆ ಯಾಣಕ್ಕೆ ಚಾರಣ. ಎಲ್ಲಿ ಎಡವಬಹುದು? ಅಕ್ಕಿ ಎಷ್ಟು ಬೇಕು?

ಕಾಳಿಸಂಗಮ:
ದಂಡೆಯಲ್ಲಿ ಬೆಂಕಿ ಬೇಡ ಸರ್. ನಮ್ಮ ಕರಾವಳಿಯಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಅದು. ಮರಿಗಳು ರಾತ್ರಿ ಮರಳಿನಿಂದ ಎದ್ದು ಬೆಳಕು ಕಂಡತ್ತ ತೆವಳುತ್ತವೆ; ಬೆಂಕಿ ಉರಿಯುತ್ತಿದ್ದರೆ ಸಮುದ್ರ ಬಿಟ್ಟು ಅತ್ತಲೇ ಹೋಗುತ್ತವೆ. ಇನ್ನೊಂದು, ಕೆಂಡದ ಮೇಲೆ ಮರಳು ಎಳೆದರೆ ಆರಿದಂತೆ ಕಾಣುತ್ತದೆ ಅಷ್ಟೆ, ಒಳಗೆ ತಾಸುಗಟ್ಟಲೆ ಸುಡುತ್ತಿರುತ್ತದೆ. ಬೆಳಿಗ್ಗೆ ಬಲೆ ಎಳೆಯುವವರು ಬರಿಗಾಲಲ್ಲಿ ಮೆಟ್ಟಿದರೆ?

ಶಾಲೆಯ ಮೈದಾನದಲ್ಲೇ ಹಾಕಿ. ಸುತ್ತ ಹತ್ತು ಅಡಿ ಹುಲ್ಲು ಕೆತ್ತಿ. ಒಂದು ತಾಸಿಗೆ ಸುಮಾರು 40 ಕೆಜಿ ಒಣ ಕಟ್ಟಿಗೆ ಸಾಕು. ದಪ್ಪದ್ದು ಅಡಿಗೆ, ಸಣ್ಣದು ಮೇಲಕ್ಕೆ, ಚೌಕಾಕಾರವಾಗಿ ಅಡ್ಡಡ್ಡ ಪೇರಿಸಿ ಮೇಲ್ತುದಿಯಿಂದ ಹೊತ್ತಿಸಿ. ನಿಧಾನ ಉರಿಯುತ್ತದೆ, ಕುಸಿಯುವುದಿಲ್ಲ. ತೆಂಗಿನ ಒಣ ಗರಿ ಹಾಕಬೇಡಿ, ಕಿಡಿ ಹಾರಿ ಶಾಲೆಯ ಮಾಡು ಸೇರುತ್ತದೆ. ಮಕ್ಕಳನ್ನು ಕೂರಿಸುವಾಗ ನೆನಪಿಡಿ: ಸಂಜೆ ಕಡಲಿಂದ ಬೀಸುವ ಗಾಳಿ ರಾತ್ರಿಯಾದಂತೆ ತಿರುಗುತ್ತದೆ, ಹೊಗೆಯೂ ತಿರುಗುತ್ತದೆ. ಎರಡು ಬಕೆಟ್ ನೀರು ಪಕ್ಕದಲ್ಲೇ ಇರಲಿ.

ತಾರೀಖನ್ನೂ ನೋಡಿ. ಮಾರ್ಚ್ ಎಂದರೆ ಎಸ್ಸೆಸ್ಸೆಲ್ಸಿ ಗಡಿಬಿಡಿ, ಹತ್ತನೆಯ ತರಗತಿಯ ಪೆಟ್ರೋಲ್ ಲೀಡರುಗಳೇ ಬರುವುದಿಲ್ಲ. ಫೆಬ್ರವರಿ 22, ಸ್ಕೌಟ್ ಸ್ಥಾಪಕ ಬೇಡನ್ ಪೊವೆಲ್ ಹುಟ್ಟಿದ ದಿನ, ಅದರ ಆಸುಪಾಸು ಇಟ್ಟುಕೊಂಡರೆ ಅವರ ಕೈಯಿಂದಲೇ ಪೆಟ್ರೋಲ್ ಬಾವುಟವನ್ನು ಒಂಬತ್ತನೆಯವರಿಗೆ ಕೊಡಿಸಬಹುದು.

ಘಟ್ಟದಮೇಲೆ_ಶಿರಸಿ:
ಯಾಣ ಬೇಡ ಮಾರಾಯ್ರೆ, ಈ ತಿಂಗಳುಗಳಲ್ಲಿ. ಮಂಗನಕಾಯಿಲೆ ಹರಡುವ ಉಣುಗು ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಎಳ್ಳುಕಾಳಿನಷ್ಟು ಮರಿ, ಕಚ್ಚಿದ್ದೂ ಗೊತ್ತಾಗದು. ಮಕ್ಕಳು ದಣಿದು ಕೂರುವುದೇ ತರಗೆಲೆಯ ಮೇಲೆ! ಹೋಗಲೇಬೇಕಾದರೆ ಮೊದಲು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತುಂಬು ತೋಳಿನ ಅಂಗಿ, ಸಾಕ್ಸಿನೊಳಗೆ ಪ್ಯಾಂಟು, ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಆಮೇಲೆ ಒಂದೆರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಬೇಕು.

ನಿಮಗೆ ಮಿರ್ಜಾನ ಕೋಟೆ ಹತ್ತಿರ. ಹೆಜ್ಜೆ ಎಣಿಸಿ, ದಿಕ್ಸೂಚಿ ಹಿಡಿದು ಒಂದೊಂದು ಪೆಟ್ರೋಲ್ ಕೋಟೆಯ ಒಂದೊಂದು ಮಗ್ಗುಲಿನ ನಕ್ಷೆ ಬರೆಯಲಿ. ಸಂರಕ್ಷಿತ ಸ್ಮಾರಕ, ಅಲ್ಲಿ ಒಲೆ ಹೂಡಬೇಡಿ.

ಗಳಹಗ್ಗ:
ದ್ವಾರದ ವಿಷಯ. ಮೂರಿಂಚು ದಪ್ಪದ ಎರಡು ಗಳ ಅಡ್ಡ-ಉದ್ದ ಸೇರುವಲ್ಲಿ ಚೌಕ ಕಟ್ಟು ಹಾಕಲು 18 ಅಡಿ ಹಗ್ಗ ಹಿಡಿಯಿರಿ. ನಿಂತ ಗಳಕ್ಕೆ ಕ್ಲೋವ್ ಹಿಚ್ (ಗಳಕ್ಕೆ ಹಗ್ಗ ಬಿಗಿಯುವ ಗಂಟು), ಎರಡೂ ಗಳ ಸೇರಿಸಿ ಮೂರು ಸುತ್ತು, ಆಮೇಲೆ ಎರಡು ಬಿಗಿ ಸುತ್ತು, ಅಡ್ಡಗಳಕ್ಕೆ ಕ್ಲೋವ್ ಹಿಚ್. ಹುಡುಗರು ತಪ್ಪುವುದು ಬಿಗಿ ಸುತ್ತಿನಲ್ಲೇ: ಅದು ಗಳಗಳ ನಡುವೆ ಹೋಗಬೇಕು, ಇವರು ಗಳದ ಮೇಲೇ ಸುತ್ತುತ್ತಾರೆ. ಹಸಿ ಬಿದಿರು ತರಬೇಡಿ, ಒಣಗಿ ಕುಗ್ಗಿದರೆ ಕಟ್ಟು ಸಡಿಲ. ಮರಳು ನೆಲದಲ್ಲಿ ದ್ವಾರವನ್ನು ಎಳೆದು ಹಿಡಿಯುವ ಹಗ್ಗದ ಗೂಟ ನಿಲ್ಲದು. ಸಿಮೆಂಟ್ ಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು, ಒಂದೂವರೆ ಅಡಿ ಆಳಕ್ಕೆ ಹೂಳಿ.

ಅಕ್ಕಿ ತಲೆಗೆ 100 ಗ್ರಾಂ. ದೊಡ್ಡವರು ಮೂವರು ಸೇರಿದರೆ ಒಂದು ಊಟಕ್ಕೆ ಹತ್ತಿರ ಹತ್ತಿರ ಮೂರು ಕೆಜಿ.

ಅಘನಾಶಿನಿ_ಕುಮಟಾ:
ಯಾಣ ಕೈಬಿಟ್ಟೆವು. ಬಿದಿರು ಹಸಿಯದೇ ತಂದಾಗಿದೆ, ಏನು ಮಾಡಲಿ?

ಗಳಹಗ್ಗ:
ಒಂದೇ ದಿನದ ದ್ವಾರ ತಾನೆ, ನಡೆಯುತ್ತದೆ. ಮರುದಿನ ಬೆಳಿಗ್ಗೆ ಬಿಗಿ ಸುತ್ತನ್ನಷ್ಟೇ ಬಿಚ್ಚಿ ಮತ್ತೆ ಬಿಗಿಸಿ. ಅಂಕ ಕೊಡುವುದನ್ನು ಅದಾದ ಮೇಲೆ ಇಟ್ಟುಕೊಳ್ಳಿ.